ಅಜಂತಾ ಗುಹೆಯಿಂದ ಲಂಡನ್ ಪುಸ್ತಕದವರೆಗೆ: ಮೈಸೂರಿನ ವೆಂಕಟಪ್ಪನವರ ಕುಂಚದ ಪಯಣ

ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಚಿಕಲಠಾಣಾ ವಿಮಾನ ನಿಲ್ದಾಣದಲ್ಲಿ ಇಳಿದವರು ಸುಮಾರು 100 ಕಿ.ಮೀ. ರಸ್ತೆಯಲ್ಲಿ ಸಾಗಿ ಅಜಂತಾ ತಲುಪುತ್ತಾರೆ. ಅಲ್ಲಿನ ಗೋಡೆಚಿತ್ರಗಳಿಗೂ ಮೈಸೂರಿಗೂ ಒಂದು ಹಳೆಯ ನಂಟಿದೆ. ಅದರ ಹೆಸರು ಕೆ. ವೆಂಕಟಪ್ಪ.

ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ 1886ರಲ್ಲಿ ಹುಟ್ಟಿದ ವೆಂಕಟಪ್ಪನವರ ಪ್ರತಿಭೆಯನ್ನು ಗುರುತಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಮಹಾರಾಜರ ನೆರವಿನಿಂದ ಅವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿ, ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾದರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಅವರ ಒಡನಾಡಿಗಳು.

ಅದೇ ಸಮಯದಲ್ಲಿ ಇಂಗ್ಲೆಂಡಿನ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅಜಂತಾ ಚಿತ್ರಗಳ ಪ್ರತಿ ತೆಗೆಯಲು ಬಂದಿದ್ದರು. ಈ ಕೆಲಸದ ಹಿಂದೆ ಕಹಿ ಇತಿಹಾಸವಿತ್ತು. ರಾಬರ್ಟ್ ಗಿಲ್ ವರ್ಷಗಟ್ಟಲೆ ಕೂತು ಬರೆದಿದ್ದ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಬೆಂಕಿ ಅನಾಹುತದಲ್ಲಿ ಸುಟ್ಟುಹೋಗಿದ್ದವು. ಬಳಿಕ ಜಾನ್ ಗ್ರಿಫಿತ್ಸ್ ತಂಡ ಬರೆದ ಅನೇಕ ಪ್ರತಿಗಳೂ 1885ರಲ್ಲಿ ಅದೇ ನಗರದಲ್ಲಿ ಬೆಂಕಿಗೆ ಆಹುತಿಯಾದವು. ಇತ್ತ ಗುಹೆಯ ಮೂಲ ಚಿತ್ರಗಳು ಪದರ ಪದರವಾಗಿ ಉದುರುತ್ತಿದ್ದವು.

ಸೋದರಿ ನಿವೇದಿತಾ ಅವರ ಒತ್ತಾಸೆಯಿಂದ ಅವನೀಂದ್ರರ ಶಿಷ್ಯರು ಅಜಂತಾಕ್ಕೆ ಹೊರಟರು. ಅವರಲ್ಲಿ ವೆಂಕಟಪ್ಪನವರೂ ಇದ್ದರು. ಮಬ್ಬು ಬೆಳಕಿನ ಗುಹೆಗಳಲ್ಲಿ ಸಾವಿರಾರು ವರ್ಷದ ಹಿಂದಿನ ರೇಖೆಗಳನ್ನು ಕಾಗದಕ್ಕೆ ಇಳಿಸುವುದೇ ಈ ಯುವಕರ ಕೆಲಸವಾಗಿತ್ತು. ತಂಡದ ಪ್ರತಿಗಳನ್ನು ಲಂಡನ್ನಿನ ಇಂಡಿಯಾ ಸೊಸೈಟಿ 1915ರಲ್ಲಿ ಪುಸ್ತಕವಾಗಿ ಪ್ರಕಟಿಸಿತು.

ಅಜಂತಾದಲ್ಲಿ ಬೇರೆಯವರ ರೇಖೆಯನ್ನು ಅನುಸರಿಸಿದ ಕೈಗೆ ಸ್ವಂತ ಕಲ್ಪನೆಯ ಅವಕಾಶ ಸಿಕ್ಕಿದ್ದು ಮತ್ತೊಂದು ಪುಸ್ತಕದಲ್ಲಿ. ಹಿಂದೂ ಮತ್ತು ಬೌದ್ಧ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುವ ಗ್ರಂಥವನ್ನು ನಿವೇದಿತಾ ಆರಂಭಿಸಿದ್ದರು. 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಅದನ್ನು ಪೂರ್ಣಗೊಳಿಸಿದರು. 1913ರಲ್ಲಿ ಲಂಡನ್ನಿನಲ್ಲಿ ಹೊರಬಂದ ಈ ಗ್ರಂಥದಲ್ಲಿ 32 ವರ್ಣಚಿತ್ರಗಳಿವೆ. ರಾಮಾಯಣ ಭಾಗದ ಹಲವು ಚಿತ್ರಗಳು ವೆಂಕಟಪ್ಪನವರವು.

ಆದರೆ ಮುಖಪುಟದ ಒಳಹಾಳೆಯಲ್ಲಿ ಚಿತ್ರಕಾರರ ಹೆಸರಿಲ್ಲ. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಭಾರತೀಯ ಕಲಾವಿದರು ಬರೆದ ಚಿತ್ರಗಳು ಎಂದಷ್ಟೇ ಇದೆ. ಮೈಸೂರಿನ ಯುವಕನ ಹೆಸರು ಬೇಕಿದ್ದರೆ ಒಳಗಿನ ಚಿತ್ರಪಟ್ಟಿಯನ್ನೇ ನೋಡಬೇಕು.

ಮುಂದೆ ಮೈಸೂರಿಗೆ ಮರಳಿದ ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಅರಮನೆಗೆ ಉಬ್ಬುಶಿಲ್ಪಗಳನ್ನು ರಚಿಸಿದರು, ಊಟಿ ಮತ್ತು ಕೊಡೈಕೆನಾಲ್‌ನ ನಿಸರ್ಗವನ್ನು ಜಲವರ್ಣದಲ್ಲಿ ಹಿಡಿದರು. ಮದುವೆಯಾಗದೆ ಕಲೆಗೇ ಬಾಳನ್ನು ಮುಡಿಪಿಟ್ಟ ವೆಂಕಟಪ್ಪ 1965ರಲ್ಲಿ ನಿಧನರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಅವರ ನೆನಪಿಗಿದೆ.

ಕರ್ನಾಟಕ ಅವರನ್ನು ಊಟಿಯ ಮಂಜಿನ ಚಿತ್ರಗಳಿಂದ ಗುರುತಿಸುತ್ತದೆ. ಆದರೆ ಅವರ ಯೌವನದ ರಾಮಾಯಣ ಚಿತ್ರಗಳು ಗೋಡೆಯ ಮೇಲಲ್ಲ, ಪುಸ್ತಕದ ಪುಟಗಳಲ್ಲಿ ಜಗತ್ತು ಸುತ್ತಿದವು. ಆ ಪುಸ್ತಕ ಮರುಮುದ್ರಣಗೊಂಡು ಇಂದಿಗೂ ಓದುಗರ ಕೈ ಸೇರುತ್ತಿದೆ.