ಒತ್ತಡ ಇರೋ ಕಡೆ ದಪ್ಪ ಗೋಡೆ: ಸರ್ ಎಂವಿ ಕಟ್ಟಿದ್ದು, ಬಿಟ್ಟುಹೋಗಿದ್ದು

ಸೆಪ್ಟೆಂಬರ್ 15 ಬಂದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಬೀಳುತ್ತೆ. ಅವರ ಎಂಜಿನಿಯರಿಂಗ್ ಬಗ್ಗೆ, ರಾಜಕಾರಣದ ಬಗ್ಗೆ ಮಾತಾಡೋರು ಕಡಿಮೆ.

ಹುಟ್ಟಿದ್ದು 1861ರಲ್ಲಿ, ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಮುದ್ದೇನಹಳ್ಳಿಯಲ್ಲಿ. ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನಷ್ಟು ನೀರು ನಿಲ್ಲಬೇಕಿತ್ತು. ಇಡೀ ಅಣೆಕಟ್ಟು ಎತ್ತರಿಸಿದರೆ ಕಲ್ಲು, ಗಾರೆ, ದುಡ್ಡು ಎಲ್ಲಾ ಖರ್ಚು. ಎಂವಿ ಕೋಡಿಯ ಮೇಲೆ ಮಾತ್ರ ಗೇಟು ಕೂರಿಸಿದರು. ಪ್ರವಾಹ ಏರಿದಾಗ ತಾನಾಗೇ ತೆರೆಯುತ್ತೆ, ಇಳಿದಾಗ ಮುಚ್ಚುತ್ತೆ. ಅದು 1903ರ ಮಾತು.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನರು. 1911ರಲ್ಲಿ ಶುರುವಾದ ಕೆಆರ್‌ಎಸ್‌ಗೆ ದುಬಾರಿ ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಹೆಚ್ಚು, ಹಾಗಾಗಿ ಇಂಥ ಗೋಡೆ ಬುಡದಲ್ಲಿ ದಪ್ಪ, ಮೇಲೆ ತೆಳು. ಇವತ್ತಿನ 3ಡಿ ಪ್ರಿಂಟಿಂಗ್ ಎಂಜಿನಿಯರುಗಳು ಬೆನ್ನತ್ತಿರೋದೂ ಇದೇ ಲೆಕ್ಕವನ್ನ: ಭಾರ ಬೀಳೋ ಕಡೆ ಮಾತ್ರ ಲೋಹ, ಉಳಿದ ಕಡೆ ಖಾಲಿ. 2024ರಲ್ಲಿ ಇಸ್ರೋ ಪರೀಕ್ಷಿಸಿದ ಪ್ರಿಂಟೆಡ್ ಎಂಜಿನ್ನಿನಲ್ಲಿ 14 ಬಿಡಿಭಾಗಗಳು ಒಂದೇ ಆದವು. ಸುಮಾರು 565 ಕೆಜಿ ಲೋಹದ ಜಾಗದಲ್ಲಿ 13.7 ಕೆಜಿ ಪುಡಿ ಸಾಕಾಯಿತು.

ಆದರೆ ಕೆಆರ್‌ಎಸ್‌ನ ಲಾಭ ಯಾರಿಗೆ ಹಂಚಿಕೆಯಾಯಿತು? ಮಂಡ್ಯದ ಗದ್ದೆಗೆ ನೀರು ಸಿಕ್ಕಿತು. ಬೇಸಿಗೆಯಲ್ಲೂ ಕೋಲಾರದ ಚಿನ್ನದ ಗಣಿಗೆ ಕರೆಂಟು ತಪ್ಪಬಾರದು ಅನ್ನೋದೂ ಯೋಜನೆಯ ಉದ್ದೇಶವಾಗಿತ್ತು. ಅದೇ ಜಿಲ್ಲೆಯ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕೆರೆಗಳು ಮಾತ್ರ ಮಳೆಯನ್ನೇ ಕಾಯುತ್ತಾ ಉಳಿದವು.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಲು ಮಿಲ್ಲರ್ ಸಮಿತಿ ರಚಿಸಿದರು. ಎಂವಿ ಒಪ್ಪಲಿಲ್ಲ. ಅರ್ಹತೆಯೇ ಅಳತೆಗೋಲು ಆಗಬೇಕು ಅನ್ನೋದು ಅವರ ನಿಲುವು. ಆ ವರ್ಷವೇ ದಿವಾನಗಿರಿ ಬಿಟ್ಟರು. 1955ರಲ್ಲಿ ಭಾರತ ರತ್ನ ಬಂತು, ನೂರು ದಾಟಿ 1962ರಲ್ಲಿ ತೀರಿಕೊಂಡರು.

ಬುಡದಲ್ಲಿ ಒತ್ತಡ ಜಾಸ್ತಿ, ಅಲ್ಲೇ ಹೆಚ್ಚು ಕಲ್ಲು ಬೇಕು ಅಂತ ಅಣೆಕಟ್ಟಿನ ವಿಷಯದಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಸಮಾಜದ ವಿಷಯಕ್ಕೆ ಬಂದಾಗ ಎಲ್ಲರಿಗೂ ಒಂದೇ ದಪ್ಪ ಸಾಕು ಅಂದರು. ಮೀಸಲಾತಿ ವಿರುದ್ಧ ಅವರ ಹೆಸರು ಎತ್ತೋರು ಮೊದಲು ಅವರದೇ ಗೋಡೆಯನ್ನ ನೋಡಲಿ.