ಉಪಾಧ್ಯಾಯರ ಮಗ ಎ. ಎ. ಮಿಲ್ನ್

ಆಂಗ್ಲ ಸಾಹಿತ್ಯದಲ್ಲಿ ಹಾಸ್ಯ, ಪತ್ತೇದಾರಿ ಮತ್ತು ಶಿಶುಸಾಹಿತ್ಯಗಳೆಂಬ ಮೂರು ಕ್ಷೇತ್ರಗಳಲ್ಲಿಯೂ ಜಯ ಪಡೆದ ಅಲನ್ ಅಲೆಗ್ಸಾಂಡರ್ ಮಿಲ್ನರು 1882ರ ಜನವರಿ 18ರಂದು ಲಂಡನ್ನಿನಲ್ಲಿ ಜನಿಸಿದರು. ಅವರ ತಂದೆ ಜಾನ್ ವೈನ್ ಮಿಲ್ನರು ಹೆನ್ಲಿ ಹೌಸ್ ಎಂಬ ಸಣ್ಣ ಖಾಸಗಿ ಶಾಲೆಯನ್ನು ನಡೆಸುತ್ತಿದ್ದರು. ಮುಂದೆ ಜಗದ್ವಿಖ್ಯಾತರಾದ ಎಚ್. ಜಿ. ವೆಲ್ಸರು ಕೆಲಕಾಲ ಆ ಶಾಲೆಯಲ್ಲಿ ಅಧ್ಯಾಪಕರಾಗಿದ್ದುದುಂಟು. ಬಾಲಕ ಅಲನ್ನನಿಗೆ ಗಣಿತದಲ್ಲಿ ಅಸಾಧಾರಣ ಗತಿಯಿದ್ದಿತು. ಗಣಿತಕ್ಕಾಗಿಯೇ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದ ತರುಣನು ಅಲ್ಲಿ ವಿದ್ಯಾರ್ಥಿಗಳ 'ಗ್ರಾಂಟಾ' ಪತ್ರಿಕೆಯ ಸಂಪಾದಕನಾಗಿ, ಗಣಿತವನ್ನು ಬಿಟ್ಟು ಲೇಖನಿಯನ್ನು ನೆಚ್ಚಿದನು.

1906ರಲ್ಲಿ ಮಿಲ್ನರು 'ಪಂಚ್' ವಾರಪತ್ರಿಕೆಯ ಸಹಾಯಕ ಸಂಪಾದಕರಾದರು. ವಿನೋದ ಲೇಖಕರೆಂದು ಹೆಸರಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1916ರಲ್ಲಿ ಫ್ರಾನ್ಸಿನ ಸಾಮ್ ರಣರಂಗದಲ್ಲಿದ್ದಾಗ ಕಂದಕಜ್ವರ ತಗುಲಿ ಸ್ವದೇಶಕ್ಕೆ ಮರಳಬೇಕಾಯಿತು. ಅಲ್ಲಿ ಕಂಡ ಘೋರದೃಶ್ಯಗಳು ಅವರನ್ನು ಬಹುಕಾಲ ಕಾಡಿದವು. 1934ರಲ್ಲಿ ಅವರು ಯುದ್ಧವನ್ನು ಖಂಡಿಸುವ ಗ್ರಂಥವೊಂದನ್ನೇ ಬರೆದರು.

ಪತ್ತೇದಾರಿ ಕಥೆಗಳೆಂದರೆ ತಂದೆಗೆ ಬಲು ಪ್ರೀತಿ. ಅಂಥದೊಂದನ್ನು ಬರೆಯುವೆನೆಂದು ಮಗನು ಹೊರಟಾಗ, ಜನರಿಗೆ ಬೇಕಾದುದು ಹಾಸ್ಯವೇ ಹೊರತು ಇದಲ್ಲವೆಂದು ಪ್ರಕಾಶನ ವ್ಯವಹಾರದವರು ಎಚ್ಚರಿಸಿದರು. ಮಿಲ್ನರು ಕಿವಿಗೊಡಲಿಲ್ಲ. 1922ರಲ್ಲಿ ಹೊರಬಂದ 'ದಿ ರೆಡ್ ಹೌಸ್ ಮಿಸ್ಟರಿ' ಕಾದಂಬರಿಯನ್ನು ತಂದೆಗೆ ಅರ್ಪಿಸಿದರು. ಅದು ಚೆನ್ನಾಗಿ ಮಾರಾಟವಾಯಿತು. ಬಳಿಕ ಮಕ್ಕಳ ಪದ್ಯಗಳಿಗೆ ಕೈಹಾಕಿದಾಗ ಅದೇ ವಲಯದವರು, ಈಗ ಜನರು ಬಯಸುವುದು ಮತ್ತೊಂದು ಪತ್ತೇದಾರಿ ಕಥೆಯನ್ನೆಂದು ಹೇಳಿದರಂತೆ! ಈ ಪ್ರಸಂಗವನ್ನು ಮಿಲ್ನರೇ ಮುಂದೆ ನಗುತ್ತ ಬರೆದಿದ್ದಾರೆ.

1924ರಲ್ಲಿ ಪದ್ಯಗಳೂ 1926ರಲ್ಲಿ 'ವಿನ್ನಿ-ದ-ಪೂ' ಕಥೆಗಳೂ ಪ್ರಕಟವಾದವು. ಮಗ ಕ್ರಿಸ್ಟೋಫರ್ ರಾಬಿನ್ನನೂ ಅವನ ಆಟದ ಕರಡಿ, ಹಂದಿಮರಿ, ಕತ್ತೆಗಳೂ ಅಲ್ಲಿಯ ಪಾತ್ರಗಳು. ಸಸೆಕ್ಸಿನಲ್ಲಿ ಅವರ ಮನೆಗೆ ಸಮೀಪದ ಆಶ್‌ಡೌನ್ ಅರಣ್ಯವೇ ರಂಗಭೂಮಿ. ಇ. ಎಚ್. ಶೆಪರ್ಡರ ರೇಖಾಚಿತ್ರಗಳು ಕಥೆಯಿಂದ ಬೇರ್ಪಡಿಸಲಾಗದಷ್ಟು ಹೊಂದಿಕೊಂಡವು. 1928ರ ವೇಳೆಗೆ ನಾಲ್ಕು ಪುಸ್ತಕಗಳಾದವು. ಅಲ್ಲಿಗೆ ಮಿಲ್ನರು ಈ ಮಾಲೆಯನ್ನು ನಿಲ್ಲಿಸಿದರು.

ನಿಲ್ಲಿಸಿದರೂ ಕೀರ್ತಿ ಬಿಡಲಿಲ್ಲ. ಅನಂತರದ ನಾಟಕ, ಕಾದಂಬರಿಗಳನ್ನು ಓದುಗರು ಕರಡಿಯ ಕಥೆಗಾರನ ಬರಹಗಳೆಂದೇ ಅಳೆದರು. ಇದು ಅವರಿಗೆ ಕೊನೆಯವರೆಗೂ ನೋವಿನ ಸಂಗತಿಯಾಗಿತ್ತು. ಮಗನ ಕಷ್ಟ ಇನ್ನೂ ಹೆಚ್ಚಿನದು. ವಸತಿ ಶಾಲೆಯಲ್ಲಿ ಸಹಪಾಠಿಗಳು ಆ ಪದ್ಯಗಳನ್ನೇ ಮುಂದಿಟ್ಟು ಪರಿಹಾಸ ಮಾಡಿದರು. ತನ್ನ ಹೆಸರನ್ನು ತಂದೆ ಬಳಸಿಕೊಂಡರೆಂಬ ಅಸಮಾಧಾನ ಅವನಲ್ಲಿ ಬಹುಕಾಲ ಉಳಿಯಿತು. ಬಾಲ್ಯವೆಲ್ಲ ಲೋಕದ ಸೊತ್ತಾದ ಆ ಹುಡುಗನ ಕಡೆಗೂ ನ್ಯಾಯವಿದೆ. ತಂದೆಗೆ ದುರುದ್ದೇಶವಿದ್ದಿತೆನ್ನುವಂತೆಯೂ ಇಲ್ಲ.

1952ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಮಿಲ್ನರು 1956ರ ಜನವರಿ 31ರಂದು ತೀರಿಕೊಂಡರು. ಡಾರ್ಟ್‌ಮತ್ ಪಟ್ಟಣದಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಮಗನು 1974ರಲ್ಲಿ ತನ್ನ ಬಾಲ್ಯದ ನೆನಪುಗಳನ್ನು ತಾನೇ ಬರೆದು ಪ್ರಕಟಿಸಿದನು.