ಕಾರ್ಲ್ ಎಲ್ಸನರ್: ಕೆಂಪು ಚಾಕುವಿನ ಹಿಂದಿದ್ದ ಸಾಲಗಾರ

ಬಿಳಿ ಶಿಲುಬೆಯ ಗುರುತಿರುವ ಆ ಕೆಂಪು ಮಡಚು ಚಾಕು ನಮ್ಮ ಓದುಗರಲ್ಲಿ ಗೊತ್ತಿಲ್ಲದವರು ಕಡಿಮೆ. ರಜೆಗೆ ಊರಿಗೆ ಹೋಗುವಾಗ ತಮ್ಮನಿಗೋ ಭಾವನಿಗೋ ಅಂತ ಒಂದು ತಗೊಂಡು ಹೋದವರೂ ಇದ್ದಾರೆ. ಸ್ವಿಸ್ ಆರ್ಮಿ ನೈಫ್ ಅಂದರೆ ಶ್ರೀಮಂತ ದೇಶದ ಶೋಕಿ ಸಾಮಾನು ಅಂದುಕೊಳ್ಳುವವರೇ ಜಾಸ್ತಿ. ಆದರೆ ಅದನ್ನು ಮಾಡಿದ ಕಾರ್ಲ್ ಎಲ್ಸನರ್ ಹುಟ್ಟಿ ಬೆಳೆದ ಶ್ವಿಟ್ಸ್ ಪ್ರಾಂತ್ಯದಲ್ಲಿ ಆಗ ಬೆಟ್ಟ, ಹುಲ್ಲುಗಾವಲು, ದನ ಬಿಟ್ಟರೆ ಹೇಳಿಕೊಳ್ಳುವಂಥ ಉದ್ಯೋಗ ಇರಲಿಲ್ಲ. ಗಟ್ಟಿಮುಟ್ಟಾದ ಹುಡುಗರು ಹೊಟ್ಟೆಪಾಡಿಗಾಗಿ ಅಮೆರಿಕದ ಹಡಗು ಹತ್ತುತ್ತಿದ್ದರು. ಯಾಕೆ ಹತ್ತುತ್ತಿದ್ದರು ಅಂತ ಗಲ್ಫ್‌ನಲ್ಲಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಸನರ್ ಹುಟ್ಟಿದ್ದು 1860ರಲ್ಲಿ. ಚಾಕು ಮಾಡುವ ಕಸುಬು ಕಲಿತು, ಆ ಕಾಲದ ಪದ್ಧತಿಯಂತೆ ಹೊರಗಡೆ ದುಡಿಯಲು ಹೋದರು. ಪ್ಯಾರಿಸ್‌ನಲ್ಲಿ, ಆಮೇಲೆ ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಹೆಸರಾದ ಜರ್ಮನಿಯ ಟುಟ್‌ಲಿಂಗನ್ ಪಟ್ಟಣದಲ್ಲಿ ಕೆಲಸ ಮಾಡಿದರು. ಅಲ್ಲೇ ನೆಲೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ವಾಪಸ್ ಬಂದು 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಸ್ವಂತ ಕಮ್ಮಟ ಹಾಕಿದರು. ಸಾಣೆ ಕಲ್ಲು ತಿರುಗಿಸಲು ಪಕ್ಕದ ತೊರೆಯ ನೀರಿನ ಚಕ್ರ. ಅಡುಗೆಮನೆಯ ಚಾಕು, ಕ್ಷೌರದ ಕತ್ತಿ, ವೈದ್ಯರ ಉಪಕರಣ, ಎಲ್ಲಾ ಮಾಡುತ್ತಿದ್ದರು. ಬೆನ್ನಿಗೆ ನಿಂತವರು ತಾಯಿ ವಿಕ್ಟೋರಿಯಾ.

ಅದೇ ಸಮಯದಲ್ಲಿ ಸ್ವಿಸ್ ಸೇನೆಗೆ ಒಂದು ಸಮಸ್ಯೆ ಎದುರಾಯಿತು. 1889ರ ಮಾದರಿಯ ಹೊಸ ಬಂದೂಕು ಬಂದಿತ್ತು, ಅದನ್ನು ಬಿಚ್ಚಿ ಶುಚಿ ಮಾಡಲು ಸ್ಕ್ರೂಡ್ರೈವರ್ ಬೇಕು. ಸೈನಿಕರ ಊಟ ಡಬ್ಬಿಯಲ್ಲಿ ಬರಲು ಶುರುವಾಗಿತ್ತು, ಅದಕ್ಕೆ ಓಪನರ್ ಬೇಕು. ಇದೆಲ್ಲ ಒಂದೇ ಮಡಚು ಚಾಕುವಿನಲ್ಲಿ ಇರಲಿ ಎಂದು ಸೇನೆ ತೀರ್ಮಾನಿಸಿತು: ಒಂದು ಅಲಗು, ಒಂದು ದಬ್ಬಳ, ಒಂದು ಡಬ್ಬಿ ಓಪನರ್, ಒಂದು ಸ್ಕ್ರೂಡ್ರೈವರ್. ಹಿಡಿಗೆ ಕಪ್ಪಾಗಿಸಿದ ಓಕ್ ಮರ. ಆದರೆ ಅಷ್ಟು ಚಾಕು ಒಟ್ಟಿಗೆ ಮಾಡಿಕೊಡುವ ತಾಕತ್ತು ಇಡೀ ದೇಶದಲ್ಲಿ ಒಬ್ಬ ಕಸುಬುದಾರನಿಗೂ ಇರಲಿಲ್ಲ. ಮೊದಲ ಕಂತಿನ 15,000 ಚಾಕುಗಳು ಜರ್ಮನಿಯ ಝೋಲಿಂಗನ್‌ನಿಂದ ಬಂದವು.

ಎಲ್ಸನರ್‌ಗೆ ಇದು ಸಹಿಸಲಾಗಲಿಲ್ಲ. ನಮ್ಮ ಸೈನಿಕರ ಜೇಬಿನ ಚಾಕುವಿನ ಕೂಲಿ ನಮ್ಮ ಹುಡುಗರಿಗೇ ಸಿಗಬೇಕು ಎಂಬ ಹಟದಲ್ಲಿ ಸುಮಾರು 25 ಮಂದಿ ಚಾಕು ಕಸುಬುದಾರರನ್ನು ಸೇರಿಸಿ ಸಂಘ ಕಟ್ಟಿದರು. ಕೆಲಸ ಹಂಚಿಕೊಂಡು ಮಾಡೋಣ, ಆರ್ಡರ್ ದೇಶದೊಳಗೇ ಉಳಿಯಲಿ ಎಂಬುದು ಲೆಕ್ಕ. 1891ರಲ್ಲೇ ಸೇನೆಗೆ ಪೂರೈಕೆ ಶುರುವಾಯಿತು.

ಲೆಕ್ಕ ಕೈಕೊಟ್ಟಿತು. ಝೋಲಿಂಗನ್‌ನ ಕಾರ್ಖಾನೆಗಳು ಯಂತ್ರದಲ್ಲಿ ಮಾಡಿ ಅಗ್ಗಕ್ಕೆ ಕೊಡುತ್ತಿದ್ದವು, ಇವರದು ಕೈಕೆಲಸ. ನಷ್ಟ ಕಂಡ ಸಂಗಾತಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಎಲ್ಸನರ್ ಒಬ್ಬರೇ ಉಳಿದು, ಇದ್ದ ದುಡ್ಡೆಲ್ಲ ಕಳೆದುಕೊಂಡು ದಿವಾಳಿಯ ಅಂಚಿಗೆ ಬಂದರು. ಬಂಧುಗಳು ಕೈಹಿಡಿದರು, ಸಾಲ ಕೊಟ್ಟವರು ಸ್ವಲ್ಪ ತಾಳಿಕೊಂಡರು, ಅದಕ್ಕೇ ಕಮ್ಮಟ ಉಳಿಯಿತು. ಬುದ್ಧಿವಂತನಾದವನು ಅಲ್ಲಿಗೆ ಬಾಗಿಲು ಹಾಕುತ್ತಿದ್ದ ಎಂದೇ ನನಗನಿಸುತ್ತದೆ. 1893ರಲ್ಲಿ ಜುರಾ ಭಾಗದ ಇನ್ನೊಂದು ಸ್ವಿಸ್ ಕಂಪನಿಯೂ, ಮುಂದೆ ವೆಂಗರ್ ಎಂದು ಹೆಸರಾದದ್ದು, ಸೇನೆಯ ಆರ್ಡರ್ ಪಡೆಯಿತು.

ಸಾಲ ತೀರಿಸಲು ಎಲ್ಸನರ್ ಹಿಡಿದ ದಾರಿ ಬೇರೆ. ಸೈನಿಕರ ಚಾಕು ಗಟ್ಟಿ, ಆದರೆ ಭಾರ. ಅದಕ್ಕಿಂತ ಹಗುರ, ನೋಡಲು ಚಂದ, ಉಪಯೋಗವೂ ಹೆಚ್ಚು ಇರುವ ಒಂದನ್ನು ಮಾಡಬೇಕೆಂದು ಹೊರಟರು. ಮಡಚು ಚಾಕುವಿನ ಬೆನ್ನಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ ನೋಡಿ, ಅಲಗು ತೆರೆದಾಗ, ಮಡಚಿದಾಗ ಅದನ್ನು ಒತ್ತಿ ಹಿಡಿಯುವುದು ಅದೇ. ಉಪಕರಣ ಜಾಸ್ತಿಯಾದರೆ ಸ್ಪ್ರಿಂಗ್ ಜಾಸ್ತಿ, ಸ್ಪ್ರಿಂಗ್ ಜಾಸ್ತಿಯಾದರೆ ದಪ್ಪ ಜಾಸ್ತಿ. ಎಲ್ಸನರ್ ಒಂದೇ ಸ್ಪ್ರಿಂಗ್ ಮುಂದಿನ ಹೊಟ್ಟೆಯ ಅಲಗನ್ನೂ ಹಿಂದಿನ ಬೆನ್ನಿನ ಉಪಕರಣವನ್ನೂ ಹಿಡಿಯುವಂತೆ ಜೋಡಿಸಿದರು. ಎರಡೇ ಸ್ಪ್ರಿಂಗ್, ಆರು ಉಪಕರಣ. ಹೊಸದಾಗಿ ಸೇರಿದ್ದು ಬೂಚು ತೆಗೆಯುವ ಸುರುಳಿ ಮತ್ತು ಕಾಗದದ ಮೇಲಿನ ಶಾಯಿ ಕೆರೆದು ಅಳಿಸುವ ಸಣ್ಣ ಅಲಗು. ಇದಕ್ಕೆ 1897ರ ಜೂನ್ 12ರಂದು ಕಾನೂನಿನ ರಕ್ಷಣೆ ಸಿಕ್ಕಿತು. ಹೆಸರು ಆಫೀಸರ್ಸ್ ನೈಫ್. ತಮಾಷೆ ಏನೆಂದರೆ ಸೇನೆ ಇದನ್ನು ಅಧಿಕೃತವಾಗಿ ಕೊಡಲೇ ಇಲ್ಲ, ಅಧಿಕಾರಿಗಳು ಕೈಯಿಂದ ದುಡ್ಡು ಹಾಕಿ ಕೊಂಡರು. ಇವತ್ತು ನಾವು ಸ್ವಿಸ್ ಆರ್ಮಿ ನೈಫ್ ಅನ್ನುವುದು ಇದನ್ನೇ. ಆ ಹೆಸರು ಹರಡಿಸಿದವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಖರೀದಿ ಮಾಡಿದ ಅಮೆರಿಕನ್ ಸೈನಿಕರು.

ಆ ಎರಡು ಸ್ಪ್ರಿಂಗ್‌ಗಳ ಉಪಾಯ ಇವತ್ತಿಗೂ ಜೇಬಿನಲ್ಲಿ ಗೊತ್ತಾಗುತ್ತದೆ. ಅದೇ ಜೋಡಣೆಯ ಸ್ಪಾರ್ಟನ್ ಮಾದರಿ ಸುಮಾರು 60 ಗ್ರಾಂ ಅಷ್ಟೇ. ಇದಕ್ಕೆ ಪ್ರತಿಸ್ಪರ್ಧಿ ಅಮೆರಿಕದ ಲೆದರ್‌ಮನ್. ಅದರ ಕಥೆ ನಮ್ಮ ಗಲ್ಫ್‌ನ ಆಚೆ ದಡಕ್ಕೇ ಸೇರಿದ್ದು: 1975ರಲ್ಲಿ ಟಿಮ್ ಲೆದರ್‌ಮನ್ ಹಳೇ ಫಿಯೆಟ್ ಕಾರಿನಲ್ಲಿ ಯುರೋಪು, ಪಶ್ಚಿಮ ಏಷ್ಯಾ ಸುತ್ತುವಾಗ ಕಾರು ಕೆಡುತ್ತಿತ್ತು, ಹೋಟೆಲಿನ ನಲ್ಲಿ ಸೋರುತ್ತಿತ್ತು, ಜೇಬಿನಲ್ಲಿದ್ದ ಚಾಕುವಿಗೆ ಇಕ್ಕಳ ಇರಲಿಲ್ಲ. ಇಕ್ಕಳವೇ ನಡುವಿರುವ ಉಪಕರಣದ ಯೋಚನೆ ಟೆಹರಾನ್‌ನಲ್ಲಿ ಹೊಳೆಯಿತು, ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಇವತ್ತಿನ ಲೆದರ್‌ಮನ್ ವೇವ್ ಸುಮಾರು 240 ಗ್ರಾಂ, ಬೆಲ್ಟಿಗೆ ಸಿಕ್ಕಿಸಬೇಕು. ಎಸಿ, ಪ್ಲಂಬಿಂಗ್, ಗ್ಯಾರೇಜ್ ಕೆಲಸದವರಿಗೆ ಅದೇ ಸರಿ. ಅಂಗಡಿ, ಆಫೀಸು, ಗೋದಾಮಿನವರಿಗೆ ಎಲ್ಸನರ್ ಚಾಕುವೇ ಸಾಕು, ರೂಮಿನ ಅಡುಗೆಗೂ ಆಯಿತು. ಒಂದು ಎಚ್ಚರ: ಈ ಸಣ್ಣ ಸ್ವಿಸ್ ಚಾಕುವಿನ ಅಲಗಿಗೆ ಲಾಕ್ ಇಲ್ಲ, ಸ್ಪ್ರಿಂಗ್ ಮಾತ್ರ. ತುದಿಯಿಂದ ಒತ್ತಿ ಚುಚ್ಚಲು ಹೋದರೆ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಲೆದರ್‌ಮನ್ ಹಿಡಿ ಬರೀ ಲೋಹ, ಕರೆಂಟ್ ಇರುವ ತಂತಿಗೆ ತಾಗಿಸಲೇಬಾರದು.

ಎಲ್ಸನರ್ ಕಡೆಗೆ ಬರೋಣ. ಅಧಿಕಾರಿಗಳ ಚಾಕು ಮನೆ ಉಳಿಸಿತು, ಸಾಲ ತೀರಿತು. 1908ರಲ್ಲಿ ಸರ್ಕಾರ ಸೇನೆಯ ಆರ್ಡರನ್ನು ಎಲ್ಸನರ್‌ಗೆ ಅರ್ಧ, ವೆಂಗರ್‌ಗೆ ಅರ್ಧ ಎಂದು ಹಂಚಿತು, ಜರ್ಮನ್ ಮಾತಾಡುವ ಸೀಮೆಗೂ ಫ್ರೆಂಚ್ ಮಾತಾಡುವ ಸೀಮೆಗೂ ಜಗಳ ಬೇಡ ಅಂತ. ಮರುವರ್ಷ ತಾಯಿ ತೀರಿಕೊಂಡರು. ಮಗ ಕಂಪನಿಗೆ ವಿಕ್ಟೋರಿಯಾ ಎಂದು ಅವರ ಹೆಸರಿಟ್ಟರು, ಶಿಲುಬೆಯ ಗುರಾಣಿ ಗುರುತು ಹಾಕಿದ್ದೂ ಆಗಲೇ. 1918ರ ಡಿಸೆಂಬರ್ 26ರಂದು, 58ನೇ ವಯಸ್ಸಿನಲ್ಲಿ ಎಲ್ಸನರ್ ತೀರಿಕೊಂಡರು. ವಿಕ್ಟೋರಿನಾಕ್ಸ್ ಎಂಬ ಹೆಸರನ್ನು ಅವರು ನೋಡಲಿಲ್ಲ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ, ಆ ಉಕ್ಕಿನ ಫ್ರೆಂಚ್ ಹೆಸರಿನ ಐನಾಕ್ಸ್ ಎಂಬ ತುಂಡನ್ನು ತಾಯಿಯ ಹೆಸರಿಗೆ ಸೇರಿಸಿದರು. ಎದುರಾಳಿ ವೆಂಗರ್ 2005ರಲ್ಲಿ ಇದೇ ಕಂಪನಿಯ ಪಾಲಾಯಿತು.

ಅದಕ್ಕೂ ಮೊದಲು ಇಬಾಖ್‌ಗೆ ಇನ್ನೊಂದು ಹೊಡೆತ ಬಿದ್ದಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನದ ಕೈಚೀಲದಲ್ಲಿ ಚಾಕು ನಿಷೇಧವಾಯಿತು. ವಿಮಾನ ನಿಲ್ದಾಣದ ಅಂಗಡಿಗಳ ವ್ಯಾಪಾರ ನೆಲಕಚ್ಚಿತು. ಎಲ್ಸನರ್ ಕುಟುಂಬ ಆಗಲೂ ಕೆಲಸದವರನ್ನು ಮನೆಗೆ ಕಳಿಸಲಿಲ್ಲ. ಓವರ್‌ಟೈಮ್ ನಿಲ್ಲಿಸಿದರು, ಕೆಲವರನ್ನು ಸುತ್ತಮುತ್ತಲ ಬೇರೆ ಕಂಪನಿಗಳಿಗೆ ಕೆಲ ಕಾಲ ಎರವಲು ಕೊಟ್ಟರು.